ಹಳೆಯ ಜೆಸಿಬಿ: ರಿಪೇರಿ ಮಾಡಿಸಬೇಕೇ, ಮಾರಬೇಕೇ?

ನಮಸ್ಕಾರ. ಬೆಂಗಳೂರಿನ ಸುತ್ತಮುತ್ತ ಒಂದೋ ಎರಡೋ ಜೆಸಿಬಿಗಳನ್ನು ಗಂಟೆ ಬಾಡಿಗೆಗೆ ಓಡಿಸಿ ಸಂಸಾರ ನಡೆಸುವ ಮಾಲೀಕರಿಗಾಗಿ ಈ ಮಾತು. ಹೈಡ್ರಾಲಿಕ್ ಪಂಪ್ ಕೈಕೊಟ್ಟು, ಇಂಜಿನ್ ಹೊಗೆ ಕಾರತೊಡಗಿ, ಮೆಕ್ಯಾನಿಕ್ ನಾಲ್ಕೂವರೆ ಲಕ್ಷದ ಅಂದಾಜು ಕೊಟ್ಟರೆನ್ನಿ. ಎಂಟು ಲಕ್ಷದ ಗಾಡಿಗೆ ಇಷ್ಟು ಖರ್ಚೇ ಎಂದು ಎದೆ ಧಸಕ್ಕೆನ್ನುವುದು ಸಹಜ. ಆದರೆ ರಿಪೇರಿಯ ಬಿಲ್ಲನ್ನು ಗಾಡಿಯ ಬೆಲೆಯೊಂದಿಗೆ ಹೋಲಿಸಿ ತೀರ್ಮಾನಿಸುವುದು ತಪ್ಪು ಎಂದು ನಾನು ಖಚಿತವಾಗಿ ನಂಬುತ್ತೇನೆ.

ಕೇಳಬೇಕಾದದ್ದು, ಇಂದಿನಿಂದ ಮುಂದಕ್ಕೆ ಈ ಯಂತ್ರ ದುಡಿಯುವ ಒಂದೊಂದು ಗಂಟೆಗೆ ಎಷ್ಟು ಬೀಳುತ್ತದೆ ಎಂಬುದು. ಈಗಲೇ ಮಾರಿದರೆ ಸಿಗುವ ಎಂಟು ಲಕ್ಷ ಮತ್ತು ರಿಪೇರಿಯ ನಾಲ್ಕೂವರೆ ಲಕ್ಷ ಸೇರಿ ಹನ್ನೆರಡೂವರೆ ಲಕ್ಷವನ್ನು ನೀವು ಅದರಲ್ಲಿ ತೊಡಗಿಸುತ್ತಿದ್ದೀರಿ. ಎರಡು ವರ್ಷದಲ್ಲಿ 3000 ಗಂಟೆ ದುಡಿದು, ಆಮೇಲೆ ಆರೂವರೆ ಲಕ್ಷಕ್ಕೆ ಹೋದರೆ, ಡೀಸೆಲ್, ಆಪರೇಟರ್ ಸಂಬಳ ಬಿಟ್ಟು ಗಂಟೆಗೆ 200 ರೂಪಾಯಿ ಬಿದ್ದಂತಾಯಿತು. ಅದೇ ಯಂತ್ರ ಕೆಲಸವಿಲ್ಲದೆ 1000 ಗಂಟೆ ಮಾತ್ರ ಓಡಿ ಏಳೂವರೆ ಲಕ್ಷಕ್ಕೆ ಹೋದರೆ ಗಂಟೆಗೆ 500 ರೂಪಾಯಿ. ಬಿಲ್ಲು ಅದೇ, ಮೆಕ್ಯಾನಿಕ್ಕೂ ಅದೇ; ಬದಲಾದದ್ದು ಕೈಯಲ್ಲಿರುವ ಕೆಲಸ. ಹೋದ ವರ್ಷ ಹಾಕಿಸಿದ ಹೊಸ ಟೈರಿನ ಹಣ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ; ಆ ಟೈರಿನಿಂದ ಮಾರಾಟದ ಬೆಲೆ ಎಷ್ಟು ಏರುತ್ತದೋ ಅಷ್ಟೇ ಬರುತ್ತದೆ.

ಆದರೂ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು ಕಬ್ಬಿಣದ ಮೈ. ನಮ್ಮ ಕಡೆ ಮೇಲೆ ಕೆಂಪು ಮಣ್ಣು ಸಿಕ್ಕಿದರೂ ಪಾಯ ಆಳಕ್ಕೆ ಹೋದಂತೆ ಗಟ್ಟಿ ಬಂಡೆ ಎದುರಾಗುವುದರಿಂದ ಯಂತ್ರಕ್ಕೆ ರಾಕ್ ಬ್ರೇಕರ್ ಕಟ್ಟುತ್ತಾರೆ, ಮತ್ತು ಅದರ ಹೊಡೆತ ಅಗೆಯುವ ತೋಳಿನ ಭಾಗಗಳಾದ ಬೂಮ್, ಡಿಪ್ಪರ್, ಆ ತೋಳು ತಿರುಗುವ ಕಿಂಗ್ ಪೋಸ್ಟುಗಳ ಮೂಲಕ ಯಂತ್ರದ ಅಡಿಚೌಕಟ್ಟಾದ ಚಾಸಿಯವರೆಗೂ ಹೋಗುತ್ತದೆ. ಪಂಪು, ಇಂಜಿನ್ನುಗಳನ್ನು ಬಿಚ್ಚಿ ಕಟ್ಟಬಹುದು. ಪಿನ್ನು ಕೂರುವ ತೂತು ಸವೆದು ಅಗಲವಾಗಿದ್ದರೆ ಪೀಣ್ಯದಲ್ಲಿ ಲೈನ್ ಬೋರಿಂಗ್ (ತೂತನ್ನು ಮತ್ತೆ ಸರಿಯಾದ ಅಳತೆಗೆ ಕೊರೆಯುವ ಕೆಲಸ) ಮಾಡಿಸಬಹುದು, ಸಿಲಿಂಡರ್ ರಾಡಿಗೆ ಮತ್ತೆ ಕ್ರೋಮ್ ಹಾಕಿಸಬಹುದು. ಚಾಸಿಯಲ್ಲಿ ಹಿಂದೆ ವೆಲ್ಡ್ ಮಾಡಿದ ಜಾಗದ ಪಕ್ಕದಲ್ಲೇ ಮತ್ತೆ ಬಿರುಕು ಬಿಟ್ಟಿದ್ದರೆ ಮಾತ್ರ ಇಂಜಿನ್ನಿಗೆ ಹಣ ಹಾಕಬೇಡಿ, ಮಾರಿಬಿಡಿ. ಅಂಥ ಯಂತ್ರದ ಕೆಳಗೆ, ಗುಂಡಿಯೊಳಗೆ, ಪೈಪು ಜೋಡಿಸುವ ಕೂಲಿಯವರು ನಿಂತಿರುತ್ತಾರೆ. ಮಾರುವಾಗ ಬಿರುಕನ್ನು ಬಣ್ಣ ಬಳಿದು ಮುಚ್ಚದೆ ತೋರಿಸಿಯೇ ಮಾರಬೇಕು. ಬೆಲೆ ಇಳಿದರೆ ಇಳಿಯಲಿ.

ಇಂಜಿನ್ ಬಿಚ್ಚುವ ಮುನ್ನ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ಒಳ್ಳೆಯದು, ಏಕೆಂದರೆ ಸಿಲಿಕಾನ್ ಹೆಚ್ಚಿದ್ದರೆ ಧೂಳು ಒಳಗೆ ಹೋಗುತ್ತಿರುವ ಸೂಚನೆ, ತಾಮ್ರ ಹೆಚ್ಚಿದ್ದರೆ ಬೇರಿಂಗ್ ಅಥವಾ ಬುಷ್ ಸವೆಯುತ್ತಿರುವ ಸಾಧ್ಯತೆ. ಅದರ ಖರ್ಚು ರಿಪೇರಿಯ ಮುಂದೆ ಏನೂ ಅಲ್ಲ.

ಇನ್ನೊಂದು ವಿಷಯ. ಚಕ್ರವಿರುವ ಹೊಸ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲಿನಿಂದ ನಾಲ್ಕನೇ ಹಂತದ, 2025ರ ಜನವರಿಯಿಂದ ಐದನೇ ಹಂತದ ಹೊಗೆ ನಿಯಮಗಳು ಬಂದಿವೆ. ಹೊಸ ಯಂತ್ರ ಕಡಿಮೆ ಹೊಗೆ ಬಿಡುತ್ತದೆ, ಅದು ಈ ಊರಿನ ಶ್ವಾಸಕೋಶಕ್ಕೆ ಬೇಕಾದದ್ದೇ. ಆದರೆ ಅದು ಸೆನ್ಸರು, ಎಲೆಕ್ಟ್ರಾನಿಕ್ ಕಂಟ್ರೋಲುಗಳ ಯಂತ್ರ. ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದು ಬರುವವರಿಗಾಗಿ ಕಾಯಬೇಕು. ಹಳೆಯ ಮೆಕ್ಯಾನಿಕಲ್ ಡೀಸೆಲ್ ಪಂಪಿನ ಇಂಜಿನ್ನಿಗೆ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ತಂದು ಕೆಲಸದ ಜಾಗದಲ್ಲೇ ಕೂರಿಸಬಹುದು. ಮೈ ಗಟ್ಟಿಯಿದ್ದು, ಕೆಲಸವೂ ಕೈಯಲ್ಲಿದ್ದರೆ ನಾನು ರಿಪೇರಿಯ ಪರ.

ಮಾರುವುದೇ ಆದರೆ, ಓಡುತ್ತಿರುವಾಗಲೇ ಮಾರಿ. ನಿಂತ ಗಾಡಿಯನ್ನು ಗುಜರಿಯ ದರದಲ್ಲೇ ಕೇಳುತ್ತಾರೆ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿದರೆ ಸಾಲದು, ಸಾಲ ತೀರಿದ್ದರೆ ಫೈನಾನ್ಸಿನವರಿಂದ ಅಡಮಾನ ತೆಗೆಸುವ ಫಾರಂ 35 ಪಡೆದು, ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೂ ಬೆನ್ನು ಹತ್ತಬೇಕು. ಗಾಡಿ ಕೈಬದಲಾದರೂ ದಾಖಲೆಯಲ್ಲಿ ಹೆಸರಿರುವವನೇ ಅಪಘಾತ ಪರಿಹಾರಕ್ಕೆ ಹೊಣೆಗಾರನೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.