ಭಾನುವಾರದ ಐದು ನಿಮಿಷ

(ಸೇನಾ ತರಬೇತಿಗೆ ಹೋಗಿರುವ ಮಕ್ಕಳ ತಂದೆ ತಾಯಂದಿರು ಹಾಸನದಲ್ಲಿ ಸೇರಿದಾಗ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಇವತ್ತು ಭಾನುವಾರ. ಇಲ್ಲಿ ಕೂತಿರುವ ಬಹಳ ಜನ ಫೋನನ್ನು ಬ್ಯಾಗಿಗೆ ಹಾಕಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದೀರಿ. ನಾನು ಮಾತಾಡುವಾಗ ನಿಮ್ಮ ಮಕ್ಕಳ ಫೋನ್ ಬಂದರೆ ದಯವಿಟ್ಟು ಎದ್ದು ಹೊರಗೆ ಹೋಗಿ ಮಾತಾಡಿ. ನನಗೆ ಒಂಚೂರೂ ಬೇಜಾರಿಲ್ಲ. ನನ್ನ ಮಾತನ್ನು ಆಮೇಲೆ ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದು. ಆ ಫೋನ್ ಮತ್ತೆ ಬರುವುದು ಮುಂದಿನ ವಾರ.

ನಾನು ಬಟ್ಟೆ ಹೊಲಿಯುವವಳು. ನನ್ನ ಮಗ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಅಗ್ನಿವೀರನಾಗಿ ಸೇನೆಗೆ ಸೇರಿ, ಟ್ರೈನಿಂಗ್ ಮುಗಿಸಿ, ಈಗ ಯೂನಿಟ್‌ನಲ್ಲಿದ್ದಾನೆ. ಹದಿನೇಳೂವರೆ ವರ್ಷಕ್ಕೇ ಸೇರಬಹುದು, ಆದರೆ ಹದಿನೆಂಟು ತುಂಬದವರಿಗೆ ಮನೆಯವರ ಒಪ್ಪಿಗೆ ಪತ್ರ ಬೇಕು. ನಮ್ಮವನಿಗೆ ತುಂಬಿರಲಿಲ್ಲ. ನಾವು ಸಹಿ ಹಾಕಿದೆವು. ಅವನು ಹೋದ ಮೇಲೆ ಎಷ್ಟೋ ರಾತ್ರಿ ಆ ಸಹಿಯೇ ಕಣ್ಣ ಮುಂದೆ ಬರುತ್ತಿತ್ತು.

ಅವನನ್ನು ಕಳಿಸಿದ್ದು ಅರಸೀಕೆರೆ ಸ್ಟೇಷನ್‌ನಿಂದ. ಹುಬ್ಬಳ್ಳಿ ಕಡೆ ಹೋಗುವ ರೈಲು. ಕಪ್ಪು ಟ್ರಂಕ್, ಹೊಸ ಬೀಗ, ಬುತ್ತಿಯಲ್ಲಿ ಚಕ್ಕುಲಿ, ಕೋಡುಬಳೆ. ಅದೇ ಪ್ಲಾಟ್‌ಫಾರಂನಲ್ಲಿ ಅಂಥದ್ದೇ ಟ್ರಂಕ್ ಹಿಡಿದ ಇನ್ನೂ ನಾಲ್ಕೈದು ಹುಡುಗರಿದ್ದರು. ಅವರ ಅಪ್ಪ ಅಮ್ಮನೂ ಇದ್ದರು. ಹುಡುಗರು ಐದೇ ನಿಮಿಷದಲ್ಲಿ ದೋಸ್ತಿ ಆದರು. ನಾವು ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ನೆ ನಿಂತಿದ್ದೆವು. ರೈಲು ಹೊರಟ ಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಅವರವರ ಊರಿನ ಬಸ್ ಹತ್ತಿದೆವು. ಒಬ್ಬರ ಹೆಸರು ಕೇಳಲಿಲ್ಲ, ನಂಬರ್ ತಗೊಳ್ಳಲಿಲ್ಲ. ಅವತ್ತು ಮಾತಾಡಿಸಬೇಕಿತ್ತು. ಮಾತಾಡಿಸದೆ ಬಂದಿದ್ದರ ಬೆಲೆ ನನಗೆ ಎರಡು ತಿಂಗಳಿಗೆ ಗೊತ್ತಾಯಿತು.

ಮೊದಲು ಅಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಗೊತ್ತಿಲ್ಲದಾಗ ಭಯ ಜಾಸ್ತಿ. ಬೆಳಕು ಹರಿಯುವ ಮೊದಲೇ ಏಳಬೇಕು. ಪಿಟಿ, ಆಮೇಲೆ ಡ್ರಿಲ್, ಆಯುಧದ ಪಾಠ, ಮತ್ತೆ ಓಟ. ಕಲಿಸುವವರನ್ನು ಉಸ್ತಾದ್ ಅನ್ನಬೇಕು. ಮಾತೆಲ್ಲ ಹಿಂದಿಯಲ್ಲಿ. ನಮ್ಮ ಹುಡುಗರಿಗೆ ಮೊದಲ ತಿಂಗಳು ಅರ್ಧ ಅರ್ಥ ಆಗುವುದಿಲ್ಲ, ಒಬ್ಬ ತಪ್ಪು ಮಾಡಿದರೆ ಇಡೀ ತಂಡಕ್ಕೆ ಶಿಕ್ಷೆ. ಅದಕ್ಕೆ ಅವರು ರಗಡಾ ಅನ್ನುತ್ತಾರೆ. ಲಂಗರ್‌ನಲ್ಲಿ ಊಟ ಹೊಟ್ಟೆ ತುಂಬ ಇರುತ್ತದೆ, ಆದರೆ ಮುದ್ದೆ ಇರುವುದಿಲ್ಲ. ಫೋನ್ ತೆಗೆದಿಟ್ಟಿರುತ್ತಾರೆ. ಭಾನುವಾರ ಕೊಟ್ಟರೆ ಕೊಟ್ಟರು, ಅದೂ ಸ್ವಲ್ಪ ಹೊತ್ತು. ನಮ್ಮವನಿಗೆ ಸಿಗುತ್ತಿದ್ದದ್ದು ಐದು ನಿಮಿಷ.

ಆ ಐದು ನಿಮಿಷದಲ್ಲಿ ಒಂದು ಸಲ ಅವನು, "ಅವ್ವ, ಮೊಣಕಾಲ ಕೆಳಗೆ ಮೂಳೆ ಸೆಳೀತಾ ಐತೆ, ಓಡುವಾಗ ಜಾಸ್ತಿ" ಅಂದ. ನಾನು ಏನಂದೆ ಗೊತ್ತಾ? "ಸಹಿಸ್ಕೋ ಮಗಾ, ಎಲ್ಲರಿಗೂ ಇರುತ್ತೆ. ಇಷ್ಟು ಕಷ್ಟಪಟ್ಟು ಸೇರಿದ್ದೀಯ." ಧೈರ್ಯ ಹೇಳಿದೆ ಅಂದುಕೊಂಡೆ.

ಅದೇ ವಾರ ಬುಧವಾರ ಹಾಸನಾಂಬೆ ದರ್ಶನಕ್ಕೆ ಹೋಗಿದ್ದೆ. ಧರ್ಮದರ್ಶನದ ಸಾಲು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಗಂಟೆಗಟ್ಟಲೆ ನಿಂತಿದ್ದೆವು. ನನ್ನ ಫೋನಿನ ಹಿಂದೆ, ಕವರ್ ಒಳಗೆ, ತಲೆ ಬೋಳಿಸಿದ ಹಾಗೆ ಕೂದಲು ಕತ್ತರಿಸಿದ ಮಗನ ಪಾಸ್‌ಪೋರ್ಟ್ ಸೈಜ್ ಫೋಟೊ ಇತ್ತು. ಹಿಂದೆ ನಿಂತಿದ್ದ ಅರಕಲಗೂಡು ಕಡೆಯ ಅಕ್ಕ ಅದನ್ನು ನೋಡಿ, "ಮಗ ಮಿಲಿಟ್ರೀಲಿದಾನಾ?" ಅಂದರು. ಅವರ ಮಗ ಹಿಂದಿನ ವರ್ಷ ಟ್ರೈನಿಂಗ್ ಮುಗಿಸಿದವನು. ಎರಡು ತಿಂಗಳಿಂದ ಕಟ್ಟಿಟ್ಟುಕೊಂಡಿದ್ದೆಲ್ಲ ಆ ಸಾಲಿನಲ್ಲೇ ಹೇಳಿಬಿಟ್ಟೆ. ಕಾಲು ನೋವಿನ ಮಾತು ಬಂದ ಕೂಡಲೇ ಅವರು ನನ್ನ ಕೈ ಹಿಡಿದುಕೊಂಡರು. "ಅಯ್ಯೋ ತಂಗಿ, ಸಹಿಸ್ಕೋ ಅನ್ನಬೇಡ. ನಮ್ಮೋನಿಗೂ ಹಿಂಗೇ ಆಗಿತ್ತು. ಎಂಐ ರೂಮ್‌ಗೆ ಹೋಗಿ ಡಾಕ್ಟರಿಗೆ ತೋರಿಸು ಅನ್ನು."

ಎಂಐ ರೂಮ್ ಅಂದರೆ ಟ್ರೈನಿಂಗ್ ಸೆಂಟರ್ ಒಳಗಿನ ದವಾಖಾನೆ. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಅವರು ಹೇಳಿದ್ದು ಆಮೇಲೆ ಡಾಕ್ಟರ್ ಬಾಯಲ್ಲೂ ಕೇಳಿದೆ. ದಿಢೀರನೆ ಓಟ, ಭಾರ, ಬೂಟು ಎಲ್ಲ ಜಾಸ್ತಿ ಆದಾಗ ಮಾಂಸಖಂಡ ಬೇಗ ಗಟ್ಟಿಯಾಗುತ್ತದೆ, ಮೂಳೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳಬಹುದು. ಇದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತಾರೆ. ಹೊಸದಾಗಿ ಸೇರಿದವರಲ್ಲಿ ಇದು ಅಪರೂಪ ಅಲ್ಲ. ಬೇಗ ತೋರಿಸಿ ಕೆಲವು ವಾರ ರೆಸ್ಟ್ ತಗೊಂಡರೆ ಕೂಡಿಕೊಳ್ಳುತ್ತದೆ. ಮುಚ್ಚಿಟ್ಟು ಓಡುತ್ತಲೇ ಇದ್ದರೆ ಮೂಳೆ ಪೂರಾ ಮುರಿಯಬಹುದು. ಹುಡುಗರು ಮುಚ್ಚಿಡುತ್ತಾರೆ. ರೆಸ್ಟ್ ತಗೊಂಡರೆ ಮುಂದಿನ ಬ್ಯಾಚಿಗೆ ಹಾಕುತ್ತಾರೆ ಅನ್ನುವ ಹೆದರಿಕೆ. ಅದನ್ನು ರಿಲಿಗೇಟ್ ಆಗುವುದು ಅನ್ನುತ್ತಾರೆ.

ಬುಧವಾರದಿಂದ ಭಾನುವಾರಕ್ಕೆ ನಾಲ್ಕು ದಿನ. ಪ್ರತಿ ದಿನ ರಾತ್ರಿ ಒಂಬತ್ತಕ್ಕೆ ಆ ಅಕ್ಕ ಫೋನ್ ಮಾಡಿದರು. ದೊಡ್ಡ ಮಾತೇನಿಲ್ಲ. "ಉಂಡ್ಯಾ ತಂಗಿ?" ಅನ್ನೋರು. "ಏನು ಸಾರು ಮಾಡಿದ್ದೆ?" ಅನ್ನೋರು. ನಾನು ಅತ್ತರೆ ಅಳು ಮುಗಿಯುವವರೆಗೂ ಸುಮ್ನೆ ಕೇಳಿಸಿಕೊಳ್ಳೋರು. ಶನಿವಾರ ರಾತ್ರಿ ಮಾತ್ರ, "ನಾಳೆ ಅವನ ಹತ್ರ ಅಳಬ್ಯಾಡ. ಅಳೋದಿದ್ರೆ ಈಗಲೇ ಅತ್ತು ಮುಗಿಸು, ನಾನಿದೀನಿ" ಅಂದರು.

ಭಾನುವಾರ ನಾನು ಅಳಲಿಲ್ಲ. "ಮಗಾ, ನಾನು ಹೋದ ವಾರ ಹೇಳಿದ್ದು ತಪ್ಪು. ಇವತ್ತೇ ಹೋಗಿ ತೋರಿಸು. ಬ್ಯಾಚ್ ಹೋದರೆ ಹೋಗಲಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಪ್ಪಂಗೆ ಬೇಜಾರಾಗಲ್ವಾ?" ಅಂದ. ಎದೆ ಒಡೆದು ಹೋಯಿತು ನನಗೆ. ಅವನು ಹೆದರಿದ್ದು ಉಸ್ತಾದ್‌ಗೂ ಅಲ್ಲ, ನೋವಿಗೂ ಅಲ್ಲ. ನಮಗೆ!

ಎಕ್ಸ್‌ರೇಯಲ್ಲಿ ಬಿರುಕು ಕಂಡಿತು. ಆರು ವಾರ ರೆಸ್ಟ್. ಮುಂದಿನ ಬ್ಯಾಚಿನಲ್ಲಿ ಟ್ರೈನಿಂಗ್ ಮುಗಿಸಿದ.

ನಾನು ಇವತ್ತು ನಿಮಗೆ ಹೇಳಬೇಕು ಅಂತ ಬಂದಿದ್ದು ಇದನ್ನೇ. ಭಾನುವಾರದ ಐದು ನಿಮಿಷದಲ್ಲಿ ನಾವು ಏನು ಮಾತಾಡುತ್ತೇವೆ ಅನ್ನುವುದು, ಉಳಿದ ಆರು ದಿನ ನಾವು ಯಾರ ಜೊತೆ ಕೂತಿದ್ದೆವು ಅನ್ನುವುದರ ಮೇಲೆ ನಿಂತಿದೆ. ಒಬ್ಬರೇ ಕೂತು ಯೋಚನೆ ಮಾಡಿ ಮಾಡಿ ಫೋನ್ ಎತ್ತಿದರೆ, ಒಂದೋ "ವಾಪಸ್ ಬಂದುಬಿಡು" ಅನ್ನುತ್ತೇವೆ, ಇಲ್ಲಾ "ಸಹಿಸ್ಕೋ" ಅನ್ನುತ್ತೇವೆ. ಎರಡೂ ನಮ್ಮ ಭಯದ ಮಾತು. ಮಗುವಿನ ಮಾತು ಕೇಳಿಸಿಕೊಂಡು ಆಡಿದ್ದಲ್ಲ.

ತಂದೆಯಂದಿರಿಗೆ ಒಂದು ಮಾತು. ನಮ್ಮ ಮನೆಯವರು ಮಗನ ವಿಷಯ ಬಾಯಿ ಬಿಡುತ್ತಲೇ ಇರಲಿಲ್ಲ. ಆದರೆ ಅವನು ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಿಗ್ಗೆ 1.6 ಕಿಲೋಮೀಟರ್ ಓಟ ಅಭ್ಯಾಸ ಮಾಡುತ್ತಿದ್ದ ಹಳೇ ಶೂ ಇತ್ತಲ್ಲ, ಅದನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ಕಾಂಪೌಂಡ್ ಮೇಲೆ ಒಣಗಿಸೋರು. ಹಾಕುವವರಿಲ್ಲದ ಶೂ. ಗಂಡಸರು ಹೀಗೆ ಒಳಗೇ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ನೀವೂ ಒಬ್ಬ ಗೆಳೆಯನನ್ನು ಹಿಡಿದುಕೊಳ್ಳಿ. ನಿಮ್ಮ ಊರಲ್ಲಿ ಮಾಜಿ ಸೈನಿಕರು ಇದ್ದೇ ಇರುತ್ತಾರೆ, ಅವರ ಮನೆಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ವರ್ಷ ತಿಂಗಳಿಗೆ 30,000 ಸಂಬಳ, ಅದರಲ್ಲಿ 9,000 ಸೇವಾ ನಿಧಿಗೆ, ಅಂದರೆ ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಕೊಡುವ ಉಳಿತಾಯಕ್ಕೆ ಹೋಗುತ್ತದೆ, ಕೈಗೆ 21,000. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ 25 ಜನರವರೆಗೆ ಮಾತ್ರ ಮುಂದುವರಿಸುವುದು ಅಂತ 2022ರಲ್ಲಿ ಯೋಜನೆ ಬಂದಾಗಲೇ ಹೇಳಿದ್ದಾರೆ. ಆ ದುಡ್ಡು ನಂಬಿಕೊಂಡು ಮನೆಗೆ ದೊಡ್ಡ ಸಾಲ ಮಾಡಬೇಡಿ. ಆ ಭಾರವನ್ನೂ ಅವನು ಹೊತ್ತು ಓಡಬೇಕಾಗುತ್ತದೆ. ಇನ್ನೊಂದು, "ನಿಮ್ಮ ಮಗನಿಗೆ ಆ್ಯಕ್ಸಿಡೆಂಟ್ ಆಗಿದೆ, ತಕ್ಷಣ ದುಡ್ಡು ಹಾಕಿ" ಅಂತ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಒಂದು ರೂಪಾಯಿ ಕಳಿಸಬೇಡಿ. ಮೊದಲು ಸೆಂಟರ್‌ಗೆ ಫೋನ್ ಮಾಡಿ, ಅದರ ಜೊತೆಗೇ ನಮ್ಮಲ್ಲಿ ಒಬ್ಬರಿಗೆ ಮಾಡಿ. ಗಾಬರಿಯಲ್ಲಿದ್ದಾಗ ಪಕ್ಕದಲ್ಲಿ ಒಬ್ಬರು ಇರಬೇಕು.

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ಭಯ ಇದೆ. ಹೇಳಿಬಿಡುತ್ತೇನೆ. ಇಲ್ಲೇ ಪಕ್ಕದ ತೇಜೂರಿನ ಸುಬೇದಾರ್ ನಾಗೇಶ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದ ಕೆಳಗೆ ಸಿಕ್ಕಿ ತೀರಿಕೊಂಡರು. ಅದೇ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕಿದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರೂ ಕೊನೆಗೆ ಉಳಿಯಲಿಲ್ಲ. ಆ ವಾರ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಆಗ ನನ್ನ ಮಗ ಪ್ರೈಮರಿ ಸ್ಕೂಲಲ್ಲಿದ್ದ. ಅವನು ಸೇರಿದ ದಿನ ನನಗೆ ಮೊದಲು ನೆನಪಾಗಿದ್ದು ಅದೇ. ಇದನ್ನು ಮಗನಿಗೆ ಹೇಳುವ ಹಾಗಿಲ್ಲ. ಮನೆಯಲ್ಲಿ ಅಜ್ಜಿ ಮುಂದೆ ಹೇಳುವ ಹಾಗಿಲ್ಲ. ಇಲ್ಲಿ ಹೇಳಬಹುದು. ಇಲ್ಲಿ ಯಾರೂ "ಅಪಶಕುನ ಮಾತಾಡಬೇಡ" ಅನ್ನುವುದಿಲ್ಲ, ಯಾಕೆಂದರೆ ಎಲ್ಲರ ಹೊಟ್ಟೆಯಲ್ಲೂ ಅದೇ ಇದೆ.

ಟ್ರೈನಿಂಗ್ ಮುಗಿದಾಗ ಮಕ್ಕಳು ಪ್ರಮಾಣ ಮಾಡುವ ಕಸಂ ಪರೇಡ್‌ಗೆ ಹೋಗುವಾಗ ಒಟ್ಟಿಗೆ ಹೋಗಿ. ನಾನೂ ಅರಕಲಗೂಡಿನ ಅಕ್ಕನೂ ಒಂದೇ ರೈಲಿನಲ್ಲಿ ಹೋದೆವು. ಅವರ ಮಗನ ಪರೇಡ್ ಮುಗಿದು ಎಷ್ಟೋ ಕಾಲವಾಗಿತ್ತು, ಆದರೂ ಬಂದರು. ಮಕ್ಕಳು ಪ್ರಮಾಣ ಮಾಡಿದ ಮೇಲೆ ನಮ್ಮಂಥವರ ಎದೆಗೆ ಗೌರವ ಪದಕ ಹಾಕಿದರು. ನನ್ನ ಕೈ ನಡುಗುತ್ತಿತ್ತು. ಮಗ ಎದುರಿಗೆ ಬಂದು ನಿಂತಾಗ ಗುರುತೇ ಸಿಗಲಿಲ್ಲ, ಅಷ್ಟು ಕಪ್ಪಗಾಗಿದ್ದ. ಅವನು ಮೊದಲು ನನಗೆ ಸೆಲ್ಯೂಟ್ ಹೊಡೆದ, ಆಮೇಲೆ ಆ ಅಕ್ಕನ ಕಾಲು ಮುಟ್ಟಿದ.

ಎಲ್ಲ ಮಕ್ಕಳೂ ಆ ಮೈದಾನದವರೆಗೆ ಹೋಗುವುದಿಲ್ಲ. ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗಿಯೋ, ಇನ್ನೇನೋ ಕಾರಣಕ್ಕೋ ಕೆಲವರು ನಡುವೆ ಮನೆಗೆ ಬರುತ್ತಾರೆ. ಅಂಥ ಮನೆಗೆ ಯಾರೂ ಹೋಗುವುದಿಲ್ಲ. ಕಳಿಸುವಾಗ ಹಾರ ಹಾಕಿ ಫೋಟೊ ಹಿಡಿದವರು ದಾರಿಯಲ್ಲಿ ಸಿಕ್ಕರೂ ಆ ಕಡೆ ನೋಡುತ್ತಾರೆ. ಇದು ನನಗೆ ತಡೆಯಲಾಗದ ಸಂಕಟ. ಆ ತಾಯಿಯೂ ನಮ್ಮ ಹಾಗೆಯೇ ಭಾನುವಾರಗಳನ್ನು ಕಾದವಳು, ಅಲ್ವಾ?

ಆಲೂರು ಕಡೆ ಒಬ್ಬ ಹುಡುಗ ಹೋದ ತಿಂಗಳು ಹಾಗೆ ಬಂದಿದ್ದಾನೆ. ಯಾರು ಅಂತ ಇಲ್ಲಿ ಹೇಳುವುದಿಲ್ಲ. ಬನ್ನಿ ಅಂತ ಅವರಮ್ಮನೇ ಫೋನ್ ಮಾಡಿದ್ದಾರೆ. ಊಟ ಆದ ಮೇಲೆ, ಮೂರು ಗಂಟೆಗೆ, ನಾನು ಹೊರಡುತ್ತೇನೆ. ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ. ಬರುವವರು ಎಲೆ ಮುಂದೆ ಕೂರುವ ಮೊದಲು ನನಗೆ ಹೇಳಿ.