ಎರಡನೇ ಸರತಿ ಏಳನೆಯದಾದದ್ದು ಹೇಗೆ: ಎಎಫ್ಎಲ್ ಡ್ರಾಫ್ಟ್ ಮತ್ತು ಆಟಗಾರರ ಪಟ್ಟಿಯ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ.

2025ರ ಎಎಫ್ಎಲ್ ಸೀಸನ್‌ನಲ್ಲಿ ರಿಚ್ಮಂಡ್ 18 ತಂಡಗಳ ಪೈಕಿ 17ನೇ ಸ್ಥಾನದಲ್ಲಿತ್ತು. ಎಎಫ್ಎಲ್ ಎಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್. ಹೊಸ ಹುಡುಗರನ್ನು ಕ್ಲಬ್‌ಗಳು ಸರತಿಯಂತೆ ಆರಿಸಿಕೊಳ್ಳುವ ಅದರ ಡ್ರಾಫ್ಟ್‌ನಲ್ಲಿ ಕೊನೆಗೆ ಬಂದವರಿಗೆ ಮೊದಲ ಸರತಿ, ಅಂದರೆ ಮೊದಲ ಪಿಕ್. ಆ ಲೆಕ್ಕಕ್ಕೆ ರಿಚ್ಮಂಡ್‌ಗೆ ಎರಡನೇ ಪಿಕ್ ಸಿಗಬೇಕು. ನವೆಂಬರ್‌ನ ಡ್ರಾಫ್ಟ್ ರಾತ್ರಿ ಅವರು ಮೊದಲ ಹುಡುಗನನ್ನು ತೆಗೆದುಕೊಂಡದ್ದು ಏಳನೇ ಪಿಕ್‌ನಲ್ಲಿ. ಯಾರೂ ಮೋಸ ಮಾಡಿರಲಿಲ್ಲ, ಅವರು ಆ ಪಿಕ್ಕನ್ನು ಮಾರಿಯೂ ಇರಲಿಲ್ಲ. ಎರಡು ಏಳಾದದ್ದು ಹೇಗೆ ಎಂದು ಗೊತ್ತಾದರೆ ಈ ವ್ಯವಸ್ಥೆ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ನಮಗೆ ಗೊತ್ತಿರುವುದು ಐಪಿಎಲ್ ಹರಾಜು. ಅಲ್ಲಿ ಜೇಬಿನಲ್ಲಿ ದುಡ್ಡಿದ್ದರೆ ಯಾರನ್ನು ಬೇಕಾದರೂ ಕೂಗಬಹುದು. ಎಎಫ್ಎಲ್‌ನಲ್ಲಿ 18 ವರ್ಷದ ಹುಡುಗನನ್ನು ದುಡ್ಡು ಕೊಟ್ಟು ತರುವ ಹಾಗಿಲ್ಲ, ಸರತಿಯಲ್ಲಿ ನಿಂತು ಆರಿಸಬೇಕು. ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವವರು ಅರ್ಹರು. 1986ರಲ್ಲಿ ಡ್ರಾಫ್ಟ್ ಶುರುವಾದಾಗ ಉದ್ದೇಶ ಸರಳವಾಗಿತ್ತು: ಸೋತವರು ಮೇಲೆ ಬರಲಿ. ಆಮೇಲೆ ಅದಕ್ಕೆ ಸೇರಿದ ಬಾಲಂಗೋಚಿಗಳೇ ಈಗ ಆಟಕ್ಕಿಂತ ದೊಡ್ಡವಾಗಿವೆ.

ರಿಚ್ಮಂಡ್ ವಿಷಯಕ್ಕೆ ಬರೋಣ. ಕೊನೆಯ ಸ್ಥಾನದ ವೆಸ್ಟ್ ಕೋಸ್ಟ್‌ನಿಂದ ಆಸ್ಕರ್ ಆಲೆನ್ ಎಂಬ ಆಟಗಾರ ಫ್ರೀ ಏಜೆಂಟ್ ಆಗಿ (ಒಪ್ಪಂದ ಮುಗಿದು ಇಷ್ಟಬಂದ ಕ್ಲಬ್‌ಗೆ ಹೋಗಬಲ್ಲವನಾಗಿ) ಬ್ರಿಸ್ಬೇನ್‌ಗೆ ಹೋದ. ಹೀಗೆ ದೊಡ್ಡ ಆಟಗಾರನನ್ನು ಕಳೆದುಕೊಂಡ ಕ್ಲಬ್‌ಗೆ ಲೀಗ್ ಪರಿಹಾರವಾಗಿ ಒಂದು ಪಿಕ್ ಕೊಡುತ್ತದೆ. ಮೇಲ್ದರ್ಜೆಯ ಪರಿಹಾರವಾದರೆ ಅದು ಕ್ಲಬ್ಬಿನ ಸ್ವಂತ ಮೊದಲ ಪಿಕ್‌ನ ಬೆನ್ನಿಗೇ ಬಂದು ಕೂರುತ್ತದೆ. ಹಾಗಾಗಿ ವೆಸ್ಟ್ ಕೋಸ್ಟ್‌ಗೆ 1 ಮತ್ತು 2 ಎರಡೂ ಸಿಕ್ಕವು, ರಿಚ್ಮಂಡ್ 3ಕ್ಕೆ ಸರಿಯಿತು. ಡ್ರಾಫ್ಟ್ ರಾತ್ರಿ ಗೋಲ್ಡ್ ಕೋಸ್ಟ್ ತನ್ನ ಅಕಾಡೆಮಿ ಹುಡುಗರಿಬ್ಬರನ್ನು 2 ಮತ್ತು 5ರಲ್ಲಿ ಉಳಿಸಿಕೊಂಡಿತು. ಕಾರ್ಲ್ಟನ್ ತನ್ನ ಹಳೆಯ ಆಟಗಾರನ ಮಗನನ್ನು 3ರಲ್ಲಿ, ಬ್ರಿಸ್ಬೇನ್ ತನ್ನ ಅಕಾಡೆಮಿ ಹುಡುಗನನ್ನು 6ರಲ್ಲಿ ಉಳಿಸಿಕೊಂಡವು. ಈ ನಾಲ್ವರೂ ಸರತಿಯ ನಡುವೆ ನುಗ್ಗಿದವರೇ, ಒಬ್ಬೊಬ್ಬ ನುಗ್ಗಿದಾಗಲೂ ಹಿಂದಿರುವವರ ಪಿಕ್ ಒಂದೊಂದು ಸಂಖ್ಯೆ ಹಿಂದೆ ಸರಿಯುತ್ತದೆ. ಮೂರಕ್ಕೆ ನಾಲ್ಕು ಕೂಡಿಸಿ, ಏಳು.

ಈ ನುಗ್ಗುವಿಕೆಗೆ ನಿಯಮವಿದೆ. ಅಪ್ಪ ಒಂದು ಕ್ಲಬ್‌ಗೆ 100 ಪಂದ್ಯ ಆಡಿದ್ದರೆ ಮಗನ ಮೇಲೆ ಆ ಕ್ಲಬ್‌ಗೆ ಮೊದಲ ಹಕ್ಕು. ಉತ್ತರದ ರಾಜ್ಯಗಳ ನಾಲ್ಕು ಕ್ಲಬ್‌ಗಳಿಗೆ ತಮ್ಮ ಅಕಾಡೆಮಿಯಲ್ಲಿ ಬೆಳೆದವರ ಮೇಲೂ ಅಂಥದೇ ಹಕ್ಕಿದೆ. ಆದರೆ ಪುಕ್ಕಟೆಯಾಗಿ ಅಲ್ಲ. ಬೇರೊಂದು ಕ್ಲಬ್ ತನ್ನ ಸರತಿಯಲ್ಲಿ ಆ ಹುಡುಗನ ಹೆಸರು ಕೂಗಿ ಬಿಡ್ ಮಾಡಬೇಕು, ಹಕ್ಕಿರುವ ಕ್ಲಬ್ ಆ ಪಿಕ್‌ನ ಬೆಲೆಯನ್ನು ಪಾಯಿಂಟ್‌ಗಳಲ್ಲಿ ತೆತ್ತು ಅವನನ್ನು ಉಳಿಸಿಕೊಳ್ಳಬೇಕು. 2015ರಲ್ಲಿ ಇದಕ್ಕಾಗಿ ಒಂದು ಬೆಲೆಪಟ್ಟಿ ಮಾಡಿದರು. ಒಂದನೇ ಪಿಕ್ 3000 ಪಾಯಿಂಟ್, ಎರಡನೆಯದು 2517, ಮೂರನೆಯದು 2234, ನಾಲ್ಕನೆಯದು 2034. ಹೀಗೆ ಇಳಿಯುತ್ತಾ ಹತ್ತನೆಯದು 1395, ಇಪ್ಪತ್ತನೆಯದು 912, ನಲವತ್ತನೆಯದು 429. ಮೊದಲ ಸುತ್ತಿನಲ್ಲಿ ಉಳಿಸಿಕೊಳ್ಳುವವರಿಗೆ ಶೇಕಡ 20 ರಿಯಾಯಿತಿ ಬೇರೆ.

ಈ ಪಟ್ಟಿಯಲ್ಲಿ ಒಂದು ದೊಡ್ಡ ತೂತಿತ್ತು. 2021ರ ಉದಾಹರಣೆ ನೋಡಿ. ಕಾಲಿಂಗ್‌ವುಡ್‌ಗೆ 250 ಪಂದ್ಯ ಆಡಿದ ಪೀಟರ್ ಡೈಕೋಸ್ ಅವರ ಮಗ ನಿಕ್ ಆ ವರ್ಷ ಡ್ರಾಫ್ಟ್‌ಗೆ ಬಂದ. ಗೋಲ್ಡ್ ಕೋಸ್ಟ್ ನಾಲ್ಕನೇ ಪಿಕ್‌ನಲ್ಲಿ ಬಿಡ್ ಮಾಡಿತು. 2034ರಲ್ಲಿ ಶೇಕಡ 20 ಕಳೆದರೆ 1627. ಈಗ ಮೂರನೇ ಸುತ್ತಿನ ಆಸುಪಾಸಿನ ಸಾಧಾರಣ ಪಿಕ್‌ಗಳನ್ನು ಪಟ್ಟಿಯಿಂದ ತೆಗೆಯಿರಿ: 38ನೆಯದು 465, 40ನೆಯದು 429, 42ನೆಯದು 395, 44ನೆಯದು 362. ಒಟ್ಟು 1651. ಡ್ರಾಫ್ಟ್ ರಾತ್ರಿ ಯಾರೂ ಕಣ್ಣೆತ್ತಿ ನೋಡದ ನಾಲ್ಕು ಪಿಕ್‌ಗಳಿಗೆ ದೇಶದ ನಾಲ್ಕನೇ ಹುಡುಗ, ಮೇಲೆ 24 ಪಾಯಿಂಟ್ ಚಿಲ್ಲರೆ! ಹಾಗಿದ್ದಾಗ ಸ್ವಂತ ಮೊದಲ ಸುತ್ತಿನ ಪಿಕ್ ಇಟ್ಟುಕೊಂಡು ಕೂರುವುದು ದಡ್ಡತನ, ಅದನ್ನು ಬಿಡ್ ನುಂಗಿಬಿಡುತ್ತದೆ. ಕಾಲಿಂಗ್‌ವುಡ್ ತನ್ನ 2021ರ ಮೊದಲ ಪಿಕ್ಕನ್ನು ಹಿಂದಿನ ವರ್ಷವೇ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಕೊಟ್ಟಿತ್ತು. ತಂಡ 17ನೇ ಸ್ಥಾನಕ್ಕೆ ಕುಸಿದು ಆ ಪಿಕ್ ಎರಡನೆಯದಾಗಿಬಿಟ್ಟಿತು, ಜನ ನಕ್ಕರು. ನನ್ನ ಮಟ್ಟಿಗೆ ಆ ನಗುವಿನಲ್ಲಿ ಅರ್ಧ ಮಾತ್ರ ನ್ಯಾಯವಿತ್ತು. ಪಿಕ್ ಬಿಟ್ಟುಕೊಟ್ಟದ್ದು ಸರಿ, ಒಂದು ವರ್ಷ ಮೊದಲೇ ಅಗ್ಗಕ್ಕೆ ಬಿಟ್ಟುಕೊಟ್ಟದ್ದು ತಪ್ಪು. ನಿಕ್ 2022ರಲ್ಲಿ ವರ್ಷದ ಹೊಸ ಪ್ರತಿಭೆಯ ಪ್ರಶಸ್ತಿ ಪಡೆದ, 2023ರಲ್ಲಿ ಕಾಲಿಂಗ್‌ವುಡ್ ಕಪ್ ಗೆದ್ದಿತು.

2025ರಿಂದ ಈ ತೂತನ್ನು ಅಷ್ಟಿಷ್ಟು ಮುಚ್ಚಿದ್ದಾರೆ. ರಿಯಾಯಿತಿ ಶೇಕಡ 10ಕ್ಕೆ ಇಳಿದಿದೆ, ಹಿಂದಿನ ಸಾಲಿನ ಪಿಕ್‌ಗಳ ಪಾಯಿಂಟ್‌ಗೂ ಕತ್ತರಿ ಬಿದ್ದಿದೆ. ಪಟ್ಟಿಯಲ್ಲಿ ಎಷ್ಟು ಜಾಗ ಖಾಲಿ ಇದೆಯೋ ಅಷ್ಟೇ ಪಿಕ್ ಹಿಡಿದು ಡ್ರಾಫ್ಟ್‌ಗೆ ಬರಬೇಕು ಎಂಬ ನಿಯಮ ಅದಕ್ಕೂ ಮೊದಲೇ ಬಂದಿತ್ತು. ಪಾಯಿಂಟ್ ಸಾಲದೆ ಹೋದರೆ ಬಾಕಿಯನ್ನು ಮುಂದಿನ ವರ್ಷದ ಪಿಕ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಖಾಲಿ ಜಾಗ ಎಂದೆನಲ್ಲ, ಅದೇ ಈ ಕೆಲಸದ ಮರ್ಮ. ಹೊರಗಿನವರು ಪಿಕ್ ಎಂದರೆ ಆಟಗಾರ ಎಂದುಕೊಳ್ಳುತ್ತಾರೆ. ಕ್ಲಬ್ಬಿನ ಆಟಗಾರರ ಪಟ್ಟಿ ನೋಡಿಕೊಳ್ಳುವ ಲಿಸ್ಟ್ ಮ್ಯಾನೇಜರ್‌ಗೆ ಪಿಕ್ ಎಂದರೆ ಒಂದು ಖಾಲಿ ಕುರ್ಚಿ, ಜೊತೆಗೆ ಅದರಲ್ಲಿ ಕೂರುವವನು ಬೆಳೆಯಲು ಹಿಡಿಯುವ ಕಾಲ. 2025ರ ನಿಯಮದಂತೆ ಮುಖ್ಯ ಪಟ್ಟಿಯಲ್ಲಿ 36ರಿಂದ 38 ಜನ, ರೂಕಿ ಪಟ್ಟಿ ಎಂಬ ಪೂರಕ ಪಟ್ಟಿಯಲ್ಲಿ 4ರಿಂದ 6, ಎರಡೂ ಸೇರಿ 42 ಮೀರುವಂತಿಲ್ಲ. ಬೇರೆ ಆಟದಿಂದ ಅಥವಾ ಬೇರೆ ದೇಶದಿಂದ ಬಂದಂಥವರಿಗೆ ರೂಕಿಗಳ ಬಿ ವರ್ಗದಲ್ಲಿ ಇನ್ನೆರಡು ಜಾಗ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಅಮೆರಿಕದ ಮೇಸನ್ ಕಾಕ್ಸ್ 2014ರಲ್ಲಿ ಕಾಲಿಂಗ್‌ವುಡ್‌ಗೆ ಬಂದದ್ದು ಹೀಗೇ. ಡ್ರಾಫ್ಟ್‌ನಲ್ಲಿ ಪ್ರತಿ ಕ್ಲಬ್ ಕನಿಷ್ಠ ಮೂರು ಪಿಕ್ ಬಳಸಲೇಬೇಕು, ಅಂದರೆ ಪ್ರತಿ ವರ್ಷ ಮೂವರಿಗಾದರೂ ಜಾಗ ಮಾಡಿಕೊಡಬೇಕು.

ಕ್ಲಬ್ಬಿನ ಗೋಡೆಯ ಹಲಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಡ್ಡ ಸಾಲುಗಳಲ್ಲಿ ಜಾಗಗಳು: ಎತ್ತರದ ಡಿಫೆಂಡರ್, ಗಿಡ್ಡ ಡಿಫೆಂಡರ್, ಮಿಡ್‌ಫೀಲ್ಡರ್, ವಿಂಗ್, ರಕ್ (ಆಟ ಶುರುವಾಗುವಾಗ ಚೆಂಡಿಗೆ ಜಿಗಿಯುವ ಎತ್ತರದವನು), ಎತ್ತರದ ಫಾರ್ವರ್ಡ್, ಗಿಡ್ಡ ಫಾರ್ವರ್ಡ್. ಕಂಬಸಾಲುಗಳಲ್ಲಿ ಒಪ್ಪಂದ ಮುಗಿಯುವ ವರ್ಷಗಳು. ಪ್ರತಿ ಹೆಸರಿನ ಚೀಟಿಯ ಮೇಲೆ ವಯಸ್ಸು, ಸಂಬಳ, ಆಡಿದ ಪಂದ್ಯ. ಸೀಸನ್ ಅರ್ಧ ಮುಗಿಯುವ ಹೊತ್ತಿಗೆ ಈ ಹಲಗೆ ತಯಾರಿರಬೇಕು. ಕ್ಲಬ್‌ಗಳು ಆಟಗಾರರನ್ನೂ ಪಿಕ್‌ಗಳನ್ನೂ ಅದಲುಬದಲು ಮಾಡಿಕೊಳ್ಳುವ ಅಕ್ಟೋಬರ್‌ನ ಟ್ರೇಡ್ ಅವಧಿ ಬಂದ ಮೇಲೆ ಯೋಚಿಸುತ್ತೇನೆ ಎಂದರೆ ಎದುರಿಗಿನವನು ಹೇಳಿದ್ದೇ ಬೆಲೆ.

ಮೊದಲು ಕಣ್ಣು ಹೋಗಬೇಕಾದದ್ದು ರಕ್ ಸಾಲಿನ ಮೇಲೆ. ಎರಡು ಮೀಟರ್ ಎತ್ತರದ ಹುಡುಗ 18ಕ್ಕೆ ಬಂದು 19ಕ್ಕೆ ಆಡುವುದಿಲ್ಲ, ಮೈ ತುಂಬಬೇಕು. ಮ್ಯಾಕ್ಸ್ ಗಾನ್‌ರನ್ನು ಮೆಲ್ಬರ್ನ್ 2009ರಲ್ಲಿ 34ನೇ ಪಿಕ್‌ನಲ್ಲಿ ತಂದಿತು. ವರ್ಷದ ಶ್ರೇಷ್ಠ ಆಟಗಾರರನ್ನು ಹೆಸರಿಸುವ ಆಲ್-ಆಸ್ಟ್ರೇಲಿಯನ್ ತಂಡಕ್ಕೆ ಅವರು ಮೊದಲು ಆಯ್ಕೆಯಾದದ್ದು 2016ರಲ್ಲಿ. ಡೈಕೋಸ್‌ನಂಥ ಮಿಡ್‌ಫೀಲ್ಡರ್ ಮೊದಲ ವರ್ಷವೇ ತಂಡದಲ್ಲಿರುತ್ತಾನೆ. ಹಾಗಾಗಿ 31 ದಾಟಿದ ರಕ್ ಇದ್ದರೆ ಅವನ ಬದಲಿ ಆಗಲೇ ಪಟ್ಟಿಯಲ್ಲಿ ಮೂರನೇ ವರ್ಷದಲ್ಲಿರಬೇಕು. ಇಲ್ಲದಿದ್ದರೆ ಅವಸರದಲ್ಲಿ ಬೇರೆ ಕ್ಲಬ್ಬಿನಿಂದ ದುಬಾರಿ ಬೆಲೆಗೆ ತರಬೇಕಾಗುತ್ತದೆ. ಬಹುತೇಕ ಕ್ಲಬ್‌ಗಳು ಎಡವುವುದು ಇಲ್ಲೇ.

ಎರಡನೆಯದು ಕಂಬಸಾಲುಗಳ ತೂಕ. 2024ರಲ್ಲಿ ಎರಡೇ ಪಂದ್ಯ ಗೆದ್ದು ಕೊನೆಗೆ ಬಿದ್ದ ರಿಚ್ಮಂಡ್ ತನ್ನ ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟು ಪಿಕ್ ಗುಡ್ಡೆ ಹಾಕಿತು. ಡೇನಿಯಲ್ ರಿಯೋಲಿ ಗೋಲ್ಡ್ ಕೋಸ್ಟ್‌ಗೆ ಹೋದಾಗ 6ನೇ ಪಿಕ್ ಬಂತು, ಶಾಯ್ ಬೋಲ್ಟನ್ ಫ್ರೀಮ್ಯಾಂಟಲ್‌ಗೆ ಹೋದಾಗ 10 ಮತ್ತು 11. ಬಿಡ್‌ಗಳು ನಡುವೆ ನುಗ್ಗಿದ್ದರಿಂದ ಅವು 7, 12, 14 ಆದವು. ಒಟ್ಟು ಎಂಟು ಹುಡುಗರು ಒಂದೇ ಡ್ರಾಫ್ಟ್‌ನಲ್ಲಿ ಬಂದರು. ಬೀಗುವಂಥದ್ದೇ. ಆದರೆ ಎಂಟು ಜನ ಒಂದೇ ವಯಸ್ಸಿನವರು ಎಂದರೆ ಒಂದೇ ಸಮಯಕ್ಕೆ ಸಂಬಳ ಏರಿಸಿ ಎನ್ನುತ್ತಾರೆ, ಒಂದೇ ಸಮಯಕ್ಕೆ ಫ್ರೀ ಏಜೆಂಟ್ ಆಗುತ್ತಾರೆ. ಆದ್ದರಿಂದ ಎರಡನೇ ಒಪ್ಪಂದಗಳನ್ನು ಬೇಕೆಂದೇ ಏರುಪೇರು ಮಾಡಬೇಕು: ಒಬ್ಬನಿಗೆ ಎರಡು ವರ್ಷ, ಇನ್ನೊಬ್ಬನಿಗೆ ನಾಲ್ಕು, ಮತ್ತೊಬ್ಬನಿಗೆ ಐದು. ಇದರ ಜೊತೆ ಕ್ಲಬ್ಬಿನ ಒಟ್ಟು ಸಂಬಳದ ಮಿತಿಗೆ ತಳವೂ ಇದೆ, ಆ ಮಿತಿಯ ಕನಿಷ್ಠ ಶೇಕಡ 95 ಖರ್ಚಾಗಲೇಬೇಕು. ಹುಡುಗರ ಪಟ್ಟಿಯಲ್ಲಿ ಅಷ್ಟು ದುಡ್ಡು ಕೊಡಲು ಜನವೇ ಇರುವುದಿಲ್ಲ. ಜಾಣರು ಆಗ ಹಿರಿಯರ ಸಂಬಳವನ್ನು ಮೊದಲ ವರ್ಷಗಳಿಗೇ ಹೆಚ್ಚು ಸುರಿದು, ಹುಡುಗರು ದುಬಾರಿಯಾಗುವ ವರ್ಷಗಳನ್ನು ಹಗುರ ಮಾಡಿಟ್ಟುಕೊಳ್ಳುತ್ತಾರೆ.

ಇನ್ನು ಭವಿಷ್ಯದ ಪಿಕ್‌ಗಳು. 2015ರಿಂದ ಮುಂದಿನ ವರ್ಷದ ಪಿಕ್ಕನ್ನೂ ಈಗಲೇ ಟ್ರೇಡ್ ಮಾಡಬಹುದು, 2025ರಿಂದ ಎರಡು ವರ್ಷ ಮುಂದಿನದನ್ನೂ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತೇವಲ್ಲ, ಇಲ್ಲಿ ಕುಲಾವಿಯನ್ನು ಅಡವಿಡಲೂ ಅವಕಾಶ ಇದೆ. ಹೀಗೆ ಅಡವಿಡುವವರು ಬಹುತೇಕ ಒಂದೇ ತಪ್ಪು ಮಾಡುತ್ತಾರೆ: ಮುಂದಿನ ವರ್ಷ ತಮ್ಮ ತಂಡ ಮೇಲೇರುತ್ತದೆ ಎಂದು ನಂಬಿ ಬೆಲೆ ಕಟ್ಟುತ್ತಾರೆ. 2024ರ ಡ್ರಾಫ್ಟ್‌ನಲ್ಲಿ ನಾರ್ತ್ ಮೆಲ್ಬರ್ನ್ 27ನೇ ಪಿಕ್‌ನಲ್ಲಿ ಒಬ್ಬ ಎತ್ತರದ ಹುಡುಗನನ್ನು ಹಿಡಿಯಲು ತನ್ನ 2025ರ ಮೊದಲ ಸುತ್ತಿನ ಪಿಕ್ಕನ್ನೇ ರಿಚ್ಮಂಡ್‌ಗೆ ಕೊಟ್ಟಿತು. ತಂಡ ಮತ್ತೆ ತಳದಲ್ಲೇ, 16ನೇ ಸ್ಥಾನದಲ್ಲಿ ಉಳಿಯಿತು, ಪಿಕ್ ನಾಲ್ಕನೆಯದಾಯಿತು. ರಿಚ್ಮಂಡ್ 2025ರಲ್ಲಿ 7ರ ಬೆನ್ನಿಗೇ 8ನ್ನೂ ಬಳಸಿದ್ದು ಇದರಿಂದ. ಭವಿಷ್ಯದ ಪಿಕ್ ಕೊಡುವ ಮುನ್ನ ನಿಮ್ಮ ತಂಡ ನೀವು ಅಂದುಕೊಂಡದ್ದಕ್ಕಿಂತ ಐದು ಸ್ಥಾನ ಕೆಳಗೆ ಮುಗಿಸಿದರೆ ಆ ವ್ಯಾಪಾರ ಆಗಲೂ ಸಹ್ಯವೇ ಎಂದು ಲೆಕ್ಕ ಹಾಕಿ. ಸಹ್ಯವಲ್ಲದಿದ್ದರೆ ಕೊಡಬೇಡಿ.

ಪರಿಹಾರದ ಪಿಕ್‌ನ ವಿಚಿತ್ರವನ್ನೂ ಹೇಳಿಬಿಡುತ್ತೇನೆ. 2013ರಲ್ಲಿ ಹಾಥಾರ್ನ್ ಕಪ್ ಗೆದ್ದಿತು, ಅದರ ಅತಿ ದೊಡ್ಡ ಆಟಗಾರ ಲ್ಯಾನ್ಸ್ ಫ್ರಾಂಕ್ಲಿನ್ ಒಂಬತ್ತು ವರ್ಷದ ಒಪ್ಪಂದಕ್ಕೆ ಸಿಡ್ನಿಗೆ ಹೋದ. ಪರಿಹಾರ 19ನೇ ಪಿಕ್. ಮರುವರ್ಷ ಮೆಲ್ಬರ್ನ್‌ನಿಂದ ಜೇಮ್ಸ್ ಫ್ರಾಲಿ ಎಂಬ ಡಿಫೆಂಡರ್ ಹೋದಾಗ ಸಿಕ್ಕದ್ದು 3ನೇ ಪಿಕ್, ಮೆಲ್ಬರ್ನ್ ತಳದಲ್ಲಿದ್ದ ಕಾರಣಕ್ಕೆ. 2 ಮತ್ತು 3ನೇ ಪಿಕ್‌ಗಳಲ್ಲಿ ಅವರು ಕ್ರಿಶ್ಚಿಯನ್ ಪೆಟ್ರಾಕಾ ಮತ್ತು ಆ್ಯಂಗಸ್ ಬ್ರೇಶಾರನ್ನು ತಂದರು, ಇಬ್ಬರೂ 2021ರ ಕಪ್ ಗೆದ್ದ ತಂಡದಲ್ಲಿದ್ದರು. ಸೋಲುವ ತಂಡಕ್ಕೆ ತನ್ನ ಆಟಗಾರ ಫ್ರೀ ಏಜೆಂಟ್ ಆಗಿ ಬಿಟ್ಟುಹೋಗುವುದೇ ಕೆಲವೊಮ್ಮೆ ಲಾಭ. ಅವನು ಬೇರೆಡೆ ಹೋಗುವುದು ಖಚಿತವಾದರೆ ಟ್ರೇಡ್‌ಗೆ ಗುದ್ದಾಡುವ ಮೊದಲು ಪರಿಹಾರ ಎಷ್ಟೆಂದು ಎಣಿಸಿ.

ಹಳೆಯ ಕತೆ ಒಂದನ್ನು ಬಿಡಲಾಗದು. 2001ರಲ್ಲಿ ಫ್ರೀಮ್ಯಾಂಟಲ್ 1, 20, 36 ಈ ಮೂರೂ ಪಿಕ್‌ಗಳನ್ನು ಹಾಥಾರ್ನ್‌ಗೆ ಕೊಟ್ಟು ಟ್ರೆಂಟ್ ಕ್ರೋಡ್ ಮತ್ತು ಲ್ಯೂಕ್ ಮೆಕ್‌ಫಾರ್ಲಿನ್‌ರನ್ನು ತಂದಿತು. ಹಾಥಾರ್ನ್ ಒಂದರಲ್ಲಿ ಲ್ಯೂಕ್ ಹಾಜ್, 36ರಲ್ಲಿ ಸ್ಯಾಮ್ ಮಿಚೆಲ್‌ರನ್ನು ಆರಿಸಿತು. 2008ರಲ್ಲಿ ಕಪ್ ಎತ್ತಿದ ನಾಯಕ ಮಿಚೆಲ್. ಎರಡೇ ವರ್ಷಕ್ಕೆ ಹಾಥಾರ್ನ್‌ಗೆ ಮರಳಿದ್ದ ಕ್ರೋಡ್ ಕೂಡ ಆ ತಂಡದಲ್ಲಿದ್ದ! ಫ್ರೀಮ್ಯಾಂಟಲ್ ಮೋಸಹೋಯಿತು ಎಂದು ಎಲ್ಲರೂ ಹೇಳುತ್ತಾರೆ, ಮೆಕ್‌ಫಾರ್ಲಿನ್ ಅಲ್ಲಿ 2015ರವರೆಗೆ ಆಡಿದ್ದನ್ನು ಮರೆಯುತ್ತಾರೆ. ತಪ್ಪಾದದ್ದು ಕ್ರೋಡ್‌ನ ಆಯ್ಕೆಯಲ್ಲಿ ಅಲ್ಲ, ಎರಡೇ ಪಂದ್ಯ ಗೆದ್ದ ತಂಡ ತಾನು ಕಪ್‌ಗೆ ಹತ್ತಿರ ಇದ್ದೇನೆ ಎಂಬಂತೆ ಖರ್ಚು ಮಾಡಿದ್ದರಲ್ಲಿ. ಸರಿಯಾದ ಸಾಮಾನು, ತಪ್ಪಾದ ವರ್ಷ.

ಸಣ್ಣ ಎಚ್ಚರಿಕೆಗಳು ಎರಡು. ಖಾಲಿ ಜಾಗ ತೋರಿಸಲು ಒಬ್ಬನನ್ನು ಪಟ್ಟಿಯಿಂದ ತೆಗೆದು, ರೂಕಿ ಡ್ರಾಫ್ಟ್‌ನಲ್ಲಿ ವಾಪಸ್ ತಗೊಳ್ತೇವೆ ಎಂದು ಮಾತು ಕೊಡುವ ರೂಢಿ ಇದೆ. ನಡುವೆ ಇನ್ನೊಂದು ಕ್ಲಬ್ ಅವನನ್ನು ಎತ್ತಿಕೊಂಡರೆ ಕೇಳುವ ಹಾಗಿಲ್ಲ. ಹೋದರೆ ಹೋಗಲಿ ಎನ್ನುವವನನ್ನು ಮಾತ್ರ ಹಾಗೆ ತೆಗೆಯಬೇಕು. ಎರಡನೆಯದಾಗಿ, ಎಲ್ಲ ಕುರ್ಚಿಯನ್ನೂ ನವೆಂಬರ್‌ನಲ್ಲೇ ತುಂಬಬೇಡಿ. 2019ರಿಂದ ಸೀಸನ್ ನಡುವೆಯೂ ಒಂದು ರೂಕಿ ಡ್ರಾಫ್ಟ್ ಇದೆ. ಆ ವರ್ಷ ರಿಚ್ಮಂಡ್ ಹಾಗೆ ತಂದ 27ರ ಮಾರ್ಲಿಯನ್ ಪಿಕೆಟ್ ತನ್ನ ಮೊದಲ ಎಎಫ್ಎಲ್ ಪಂದ್ಯ ಆಡಿದ್ದು ಗ್ರ್ಯಾಂಡ್ ಫೈನಲ್‌ನಲ್ಲಿ, ಗೆದ್ದದ್ದೂ ಅದನ್ನೇ.

ಕೊನೆಯದಾಗಿ 2027ರ ಕಂಬಸಾಲು. ಟಾಸ್ಮೇನಿಯಾ ಡೆವಿಲ್ಸ್ 2028ರಲ್ಲಿ 19ನೇ ತಂಡವಾಗಿ ಆಡಲಿದೆ. ಹೊಸ ತಂಡ ಬಂದಾಗ ಏನಾಗುತ್ತದೆ ಎಂದು ಎರಡು ಬಾರಿ ನೋಡಿದ್ದೇವೆ. ಗೋಲ್ಡ್ ಕೋಸ್ಟ್‌ಗೆ 2010ರ ಡ್ರಾಫ್ಟ್‌ನಲ್ಲಿ 1, 2, 3 ಸಿಕ್ಕವು, ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ 2011ರಲ್ಲಿ ಮೊದಲ ಐದೂ. ಗ್ಯಾರಿ ಆಬ್ಲೆಟ್ ಜೂನಿಯರ್, ಕಾಲನ್ ವಾರ್ಡ್‌ರಂಥ ಆಟಗಾರರನ್ನು ಇತರ ಕ್ಲಬ್‌ಗಳಿಂದ ಸೆಳೆದುಕೊಂಡರು. ಆದ್ದರಿಂದ ಯಾರಾದರೂ ನಿಮಗೆ 2027ರ ಮೊದಲ ಸುತ್ತಿನ ಪಿಕ್ ತೋರಿಸಿದರೆ, ಅದನ್ನು ಬೇರೆ ವರ್ಷದ ಪಿಕ್‌ನ ಬೆಲೆಗೆ ತೆಗೆದುಕೊಳ್ಳಬೇಡಿ. ಹಲಗೆಯಲ್ಲಿ 2027ರ ಕೆಳಗೆ ಇರುವ ಚೀಟಿಗಳನ್ನು ಎಣಿಸಿ, ಅದರಲ್ಲಿ ನಿಮ್ಮ ಮೊದಲ ಹತ್ತು ಆಟಗಾರರ ಪೈಕಿ ಇಬ್ಬರಿಗಿಂತ ಹೆಚ್ಚು ಇದ್ದರೆ, ಅವರ ಒಪ್ಪಂದವನ್ನು 2029ರ ಕಂಬಸಾಲಿಗೆ ದಾಟಿಸುವ ಮಾತುಕತೆ ಈಗಲೇ ಶುರುವಾಗಬೇಕು.