ಗುದ್ದಲಿ ಪಕ್ಕಕ್ಕಿಡಿ, ಸೊಪ್ಪು ಹಾಸಿ

ನಮಸ್ಕಾರ.

ಹಿತ್ತಲಲ್ಲಿ ನಾಲ್ಕು ತರಕಾರಿ ಬೆಳೆಯೋಣ ಅಂತ ಮನಸ್ಸು ಮಾಡಿದ ಕೂಡಲೇ ಎಲ್ಲರೂ ಹುಡುಕುವುದು ಗುದ್ದಲಿಯನ್ನು. ನಾನೂ ಹಾಗೇ ಶುರು ಮಾಡಿದ್ದೆ. ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದಾಗ ಹಿಂದುಗಡೆ 12 ಅಡಿ ಉದ್ದ, 4 ಅಡಿ ಅಗಲದ ಜಾಗ ಉಳಿದಿತ್ತು. ಜಾಗವೇನೋ ಉಳಿದಿತ್ತು, ಆದರೆ ಮಣ್ಣು ಇರಲಿಲ್ಲ. ಜಲ್ಲಿ, ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ಅದರ ಮೇಲೆ ಲಾರಿ ಓಡಾಡಿ ಕಲ್ಲಿನ ಹಾಗೆ ಕೂತ ಕೆಂಪು ಮಣ್ಣು. ಪಿಕಾಸಿ ಹಾಕಿದರೆ ಠಣ್ ಅಂತ ಸದ್ದು ಬರುತ್ತಿತ್ತು. ಎರಡು ದಿನ ಅಗೆದರೂ ಒಂದು ಮೊಳ ಜಾಗ ಬಿಡಿಸಲು ಆಗಲಿಲ್ಲ.

ಆಗ ಅಮ್ಮ ಸಾಗರದಿಂದ ಬಂದಿದ್ದರು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಅಗೆಯೋದು ಎಂತಕ್ಕೆ ಮಾರಾಯ್ತಿ? ಅಡಿಕೆ ಬುಡಕ್ಕೆ ಸೊಪ್ಪು ಹಾಸೋದು ನೋಡಿಲ್ವಾ ನೀನು? ಮೇಲಿಂದ ಹಾಕು. ಕೆಳಗಿನ ಕೆಲಸ ಮಾಡೋರು ಕೆಳಗೇ ಇದ್ದಾರೆ" ಅಂದರು.

ಆ ಮಾತು ನನಗೆ ನಾಟಿತು. ನಾನು ಬೆಳೆದದ್ದೇ ಆ ಸೊಪ್ಪಿನ ನಡುವೆ ಅಲ್ವಾ! ಮಲೆನಾಡಿನ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಅಂದರೆ ತೋಟದಷ್ಟೇ ಮುಖ್ಯ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು, ಬರೀ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವುದಕ್ಕೆ. ಹಸಿ ಸೊಪ್ಪು ಕೊಟ್ಟಿಗೆಗೆ, ಅದು ಸಗಣಿ ಗಂಜಲದಲ್ಲಿ ನೆಂದು ಗೊಬ್ಬರದ ಗುಂಡಿಗೆ, ಅಲ್ಲಿಂದ ಮರದ ಬುಡಕ್ಕೆ, ಮೇಲೆ ಒಂದು ಹೊದಿಕೆ ದರಗು. ಕಾಡಿನ ನೆಲ ತಾನಾಗಿಯೇ ಮಾಡಿಕೊಳ್ಳುವ ಕೆಲಸವನ್ನು ನಮ್ಮ ಹಿರಿಯರು ತೋಟದಲ್ಲಿ ಕೈಯಿಂದ ಮಾಡಿದರು, ಅಷ್ಟೇ.

ಬೇರೆ ದೇಶದಲ್ಲೂ ಈ ದಾರಿ ಹಿಡಿದವರಿದ್ದಾರೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ರೂತ್ ಸ್ಟೌಟ್ ಎಂಬ ಹೆಣ್ಣುಮಗಳು ಉಳುವವನಿಗಾಗಿ ಕಾದು ಕಾದು, ಅವನು ಬಾರದೇ ಹೋದಾಗ ಉಳದೆಯೇ ಬಿತ್ತಿದರು. ಆಮೇಲೆ ಬದುಕಿಡೀ ಒಣಹುಲ್ಲು ಹಾಸಿಯೇ ತರಕಾರಿ ಬೆಳೆದರು. ನೆಲ ಉಳದೆಯೇ ಬೇಸಾಯ ಮಾಡಿದ ಜಪಾನಿನ ರೈತ ಫುಕುವೋಕಾ ಅವರ ಹೆಸರು ನೀವು ಕೇಳಿಯೇ ಇರುತ್ತೀರಿ.

ಅಗೆದರೆ ಏನಾಗುತ್ತೆ ಅಂತ ಕೇಳಬಹುದು. ಮಣ್ಣಿನೊಳಗೆ ಎರೆಹುಳು ಕೊರೆದ ದಾರಿಗಳಿರುತ್ತವೆ. ಗಾಳಿ, ನೀರು ಸಲೀಸಾಗಿ ಇಳಿಯುವುದು ಆ ದಾರಿಯಲ್ಲಿ. ಬೇರಿನಿಂದ ಬೇರಿಗೆ ಹಬ್ಬಿದ ಶಿಲೀಂಧ್ರದ ಎಳೆಗಳಿರುತ್ತವೆ. ಒಂದು ಗುದ್ದಲಿ ಏಟಿಗೆ ಅದೆಲ್ಲ ಹರಿದುಹೋಗುತ್ತೆ. ಇನ್ನೊಂದು ತೊಂದರೆ ನಮ್ಮ ಕಣ್ಣಿಗೇ ಕಾಣುವಂಥದ್ದು. ಆಳದಲ್ಲಿ ಸುಮ್ನೆ ಮಲಗಿದ್ದ ಕಳೆ ಬೀಜ ಮೇಲೆ ಬಂದು, ಬೆಳಕು ಕಂಡ ತಕ್ಷಣ ಮೊಳೆಯುತ್ತದೆ. ಅಗೆದಷ್ಟೂ ಕಳೆ ಜಾಸ್ತಿ.

ಸರಿ, ನಾನು ಮಾಡಿದ್ದನ್ನು ಹೇಳುತ್ತೇನೆ. ಮೇ ಕೊನೆಯ ವಾರ, ಒಂದೆರಡು ಮಳೆ ಬಿದ್ದಾಗಿತ್ತು. ಹುಲ್ಲು, ಕಳೆ ಯಾವುದನ್ನೂ ಕೀಳಲಿಲ್ಲ, ಕತ್ತಿಯಲ್ಲಿ ಬುಡಕ್ಕೆ ಸವರಿ ಅಲ್ಲೇ ಬಿಟ್ಟೆ. ಎರಡು ಬಕೆಟ್ ಸಗಣಿ ನೀರು ಚೆಲ್ಲಿದೆ. ಅದರ ಮೇಲೆ ರಟ್ಟು. ಅಂಗಡಿಯಲ್ಲಿ ಕೇಳಿದರೆ ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಡಬ್ಬ ಕೊಡುತ್ತಾರೆ. ಮಿರಮಿರ ಹೊಳೆಯುವ, ಬಣ್ಣ ಬಳಿದ ರಟ್ಟು ಬೇಡ. ಟೇಪು, ಪಿನ್ನು ಪೂರ್ತಿ ಕಿತ್ತು ತೆಗೆಯಿರಿ. ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಸಿ. ಎರಡು ಬೆರಳು ಸಂದಿ ಬಿಟ್ಟರೂ ಗರಿಕೆ ಅಲ್ಲಿಂದಲೇ ತಲೆ ಎತ್ತುತ್ತದೆ. ಆಮೇಲೆ ರಟ್ಟು ಹಸಿ ರೊಟ್ಟಿಯಂತೆ ಮೆತ್ತಗಾಗುವ ತನಕ ನೀರು ಹಾಕಿ. ಇದರಲ್ಲಿ ಅವಸರ ಮಾಡಬೇಡಿ, ಏಕೆಂದರೆ ರಟ್ಟು ಒಣಗಿದ್ದರೆ ನಮ್ಮ ಕಡೆ ಗೆದ್ದಲು ಹತ್ತುತ್ತದೆ. ಅದೇ ಕಾರಣಕ್ಕೆ ಮನೆ ಗೋಡೆಯಿಂದ ಎರಡಡಿಯಾದರೂ ದೂರ ಇರಲಿ. ರಟ್ಟು ಸಿಗದಿದ್ದರೆ ಹಳೆಯ ಪೇಪರನ್ನೇ ಏಳೆಂಟು ಹಾಳೆ ದಪ್ಪಕ್ಕೆ ಹಾಸಬಹುದು.

ಅದರ ಮೇಲೆ ಕತ್ತರಿಸಿದ ಬಾಳೆದಿಂಡು, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು, ಹೊಂಗೆ ಸೊಪ್ಪು, ತರಕಾರಿ ಸಿಪ್ಪೆ ನಾಲ್ಕು ಬೆರಳು ದಪ್ಪ. ಮೇಲೆ ಒಣ ತರಗೆಲೆ, ಭತ್ತದ ಹುಲ್ಲು ಅದರ ಎರಡರಷ್ಟು. ಮಧ್ಯೆ ಒಂದು ಪದರ ಕಳಿತ ಕೊಟ್ಟಿಗೆ ಗೊಬ್ಬರ. ಹೀಗೇ ಒಂದರ ಮೇಲೊಂದು ಒಂದೂವರೆ ಅಡಿ ಏರಿಸಿದೆ, ಪ್ರತಿ ಪದರಕ್ಕೂ ನೀರು ಚಿಮುಕಿಸುತ್ತಾ. ಹಸಿಯದ್ದು ಜಾಸ್ತಿಯಾದರೆ ನಾರುತ್ತದೆ, ಒಣಗಿದ್ದೇ ಜಾಸ್ತಿಯಾದರೆ ಕೊಳೆಯುವುದು ನಿಧಾನ. ನಾರಿದರೆ ಇನ್ನೊಂದು ಬುಟ್ಟಿ ತರಗು ಸುರಿಯಿರಿ, ಸರಿಹೋಗುತ್ತದೆ. ಹಸಿ ಸಗಣಿಯನ್ನು ಗಟ್ಟಿಯಾಗಿ ಮೇಲೆ ಹಾಕಬೇಡಿ, ಬಿಸಿಯೇರಿ ಬೇರು ಸುಡುತ್ತದೆ. ಹೂ ಬಿಟ್ಟ ಕಾಂಗ್ರೆಸ್ ಕಳೆಯನ್ನಂತೂ ಒಳಗೆ ಸೇರಿಸಲೇಬೇಡಿ.

ಗಿಡ ನೆಡಲು ತಿಂಗಳುಗಟ್ಟಲೆ ಕಾಯಬೇಕಿಲ್ಲ. ಹುಲ್ಲು ಸರಿಸಿ ಬೊಗಸೆಯಷ್ಟು ಗುಳಿ ಮಾಡಿ, ಎರಡು ಹಿಡಿ ಕಳಿತ ಗೊಬ್ಬರಕ್ಕೆ ಒಂದು ಹಿಡಿ ಮಣ್ಣು ಬೆರೆಸಿ ತುಂಬಿ, ಅದರಲ್ಲಿ ಸಸಿ ಊರಿದರೆ ಆಯಿತು. ಮೊದಲ ವರ್ಷ ಸೌತೆ, ಕುಂಬಳ, ಬದನೆ, ಮೆಣಸು, ಅಲಸಂದೆ ಚೆನ್ನಾಗಿ ಬರುತ್ತವೆ. ಮೂಲಂಗಿ, ಕ್ಯಾರೆಟ್ ಆಗ ಬೇಡ, ಕೆಳಗಿನ ನೆಲ ಇನ್ನೂ ಸಡಿಲವಾಗಿರುವುದಿಲ್ಲ. ನನ್ನ ಬದನೆ ಸಸಿಗಳು ಮೂರನೇ ವಾರ ಹಳದಿಗೆ ತಿರುಗಿದವು. ಹೆದರಿಕೆಯಾಯಿತು. ಒಣ ಹುಲ್ಲು ಕೊಳೆಯುವಾಗ ಅಲ್ಲಿರುವ ಸಾರಜನಕವನ್ನು ಸೂಕ್ಷ್ಮಜೀವಿಗಳೇ ಮೊದಲು ಎಳೆದುಕೊಳ್ಳುತ್ತವೆ, ಗಿಡಕ್ಕೆ ಸಿಗುವುದು ಆಮೇಲೆ. ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಹಾಕಿದೆ, ಮತ್ತೆ ಹಸಿರಾದವು.

ಮಳೆಗಾಲದಲ್ಲಿ ಈ ಹಾಸು ಬಸವನಹುಳುವಿಗೂ ಅಚ್ಚುಮೆಚ್ಚಿನ ಮನೆ. ರಾತ್ರಿ ಟಾರ್ಚು ಹಿಡಿದು ಹೋಗಿ ಆರಿಸಿದ್ದೇ ಆರಿಸಿದ್ದು. ಸಸಿಯ ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಟ್ಟ ಮೇಲೆ ಕಾಟ ಕಡಿಮೆಯಾಯಿತು. ಹುಲ್ಲು ಸರಿಸುವ ಮೊದಲು ಒಂದು ಕೋಲಿನಿಂದ ತಟ್ಟಿ, ಚೇಳು, ಹಾವು ಇದ್ದರೆ ಸರಿದುಹೋಗಲಿ. ಜೇಕು ಎಂಬ ಕಳೆಯ ಗಡ್ಡೆ ಇರುವ ಜಾಗವಾದರೆ ಇನ್ನೊಂದು ಮಾತು: ಅದು ರಟ್ಟನ್ನೂ ಚುಚ್ಚಿಕೊಂಡು ಬರುತ್ತದೆ. ಬಂದ ಹಾಗೇ ಚಿವುಟುತ್ತಾ ಇರಬೇಕು, ಬೇರೆ ದಾರಿ ಇಲ್ಲ. ಮಡಿಯ ಮೇಲೆ ಯಾರೂ ಕಾಲಿಡಬಾರದು. 4 ಅಡಿಗಿಂತ ಅಗಲ ಬೇಡ ಅನ್ನುವುದು ಅದಕ್ಕೇ, ಎರಡೂ ಬದಿಯಿಂದ ಕೈಗೆ ಎಟುಕಬೇಕು.

ಜುಲೈ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಮೂಲೆಯಲ್ಲಿ ಹುಲ್ಲು ಎತ್ತಿ ನೋಡಿದೆ. ಒಂದೂವರೆ ಅಡಿ ಇದ್ದದ್ದು ಮುಕ್ಕಾಲು ಅಡಿಗೆ ಇಳಿದಿತ್ತು. ಬಾಳೆದಿಂಡು ಗುರುತೇ ಇಲ್ಲ. ಎಲೆಯಿಂದ ಎಲೆಗೆ ಹತ್ತಿ ಎಳೆದ ಹಾಗೆ ಬಿಳಿ ಎಳೆಗಳು. ರಟ್ಟು ಹಿಡಿದರೆ ಬೆರಳಲ್ಲೇ ಹರಿಯಿತು, ಅದರ ಅಡಿಯಲ್ಲಿ ನಾಲ್ಕೈದು ಎರೆಹುಳು ನುಣುಚಿಕೊಂಡು ಒಳಗೆ ಹೋದವು. ಪಿಕಾಸಿಗೆ ಠಣ್ ಅಂದಿದ್ದ ಆ ನೆಲಕ್ಕೆ ತೋರುಬೆರಳು ಊರಿದೆ. ಎರಡು ಗೆಣ್ಣು ಇಳಿಯಿತು. ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ಕಾಡಿನ ವಾಸನೆ. ಅಮ್ಮನನ್ನು ಕೂಗಿ ಕರೆದು ತೋರಿಸಿದೆ. ಅವರು ಒಂದು ಚಿಟಿಕೆ ಮಣ್ಣು ಅಂಗೈಯಲ್ಲಿ ಉಜ್ಜಿ, "ಇನ್ನು ಶುಂಠಿ ಹಾಕ್ಬಹುದು" ಅಂದರು.

ಇನ್ನು ಮಾಡುವುದು ಜಾಸ್ತಿ ಏನಿಲ್ಲ. ವರ್ಷಕ್ಕೊಮ್ಮೆ ಎರಡು ಬೆರಳು ಗೊಬ್ಬರ, ಹಾಸು ತೆಳುವಾದಾಗಲೆಲ್ಲ ಒಂದು ಹೊರೆ ತರಗು. ಬೀದಿ ಗುಡಿಸಿ ಎಲೆಗೆ ಬೆಂಕಿ ಹಚ್ಚುವುದನ್ನು ನೋಡಿದರೆ ನನಗೆ ಈಗ ಹೊಟ್ಟೆ ಉರಿಯುತ್ತದೆ, ಹೋಗಿ ಕೇಳಿ ಚೀಲಕ್ಕೆ ತುಂಬಿಸಿಕೊಂಡು ಬರುತ್ತೇನೆ. ಈ ವರ್ಷ ಕಾಂಪೌಂಡಿನ ಆ ಬದಿಗೂ ಒಂದು ಮಡಿ ಆಗಬೇಕು. ಆರು ಚೀಲ ಹೊಂಗೆ ತರಗು ಸೇರಿದೆ, ರಟ್ಟು ಮಾತ್ರ ಇನ್ನೂ ಎರಡು ಬೇಕು. ಅಮ್ಮ ಶುಂಠಿ ಬೀಜ ಆರಿಸಿ ಇಟ್ಟಿದ್ದಾರೆ.

ನಮಸ್ಕಾರ.